ಅಜ್ಜಿಯ ಸೆರಗಿನ ಮೈಕು

ಶಹಾಪುರದ ಎರಡು ಖೋಲಿಯ ಮನೆಯಲ್ಲಿ ಮಲ್ಲೇಶ್ವರಿ ಗೋಡೆಗೆ ಹೊದೆಯುವ ಕೌದಿ ಕಟ್ಟುತ್ತಿದ್ದಳು. ರೆಕಾರ್ಡ್ ಮಾಡುವಾಗ ಬರಿಗೋಡೆಗೆ ದನಿ ಬಡಿದು ಗೊಂಯ್ ಎನ್ನುತ್ತದೆಂದು ಅಣ್ಣ ಬುದ್ಧಪ್ರಿಯ ಹೇಳಿದ್ದ.

ಅವನು ಯಾದಗಿರಿಯ ವಹಾಬನ ಅಂಗಡಿಯಿಂದ ಎರಡು ಮೈಕು ತಂದಿದ್ದ. ಒಂದು ಲ್ಯಾಪ್‌ಟಾಪಿಗೆ ಹಚ್ಚುವ ದೊಡ್ಡದು, ಇನ್ನೊಂದು ಫೋನಿಗೆ ಸಿಕ್ಕಿಸುವ ಹುಣಸೆಬೀಜದಷ್ಟು ಸಣ್ಣದು. ಸಂಜೆಯೊಳಗೆ ಒಂದನ್ನು ತಿರುಗಿ ಕೊಡಬೇಕು. ಯಾವುದು ಉಳಿದರೂ ಅಜ್ಜಿ ಲಾಲಮ್ಮ ಬೀಸುತ್ತ ಹಾಡುವ ಪದಗಳು ಇದ್ದ ಹಾಗೇ ಉಳಿಯಬೇಕೆಂಬುದು ಮಲ್ಲೇಶ್ವರಿಯ ಆಸೆ. ಶಾಲೆ ಬಿಟ್ಟ ಮೇಲೆ ಅವಳು ಕಲಿತದ್ದು ಅವನ್ನೇ.

ಬುದ್ಧಪ್ರಿಯ ಅಜ್ಜಿಯನ್ನು ಖುರ್ಚಿಯಲ್ಲಿ ಕೂರಿಸಿ ದೊಡ್ಡ ಮೈಕು ಮುಂದಿಟ್ಟ. ಎರಡು ನುಡಿಗೇ ಅಜ್ಜಿ ನಿಂತಳು.

“ಮುಂದ, ಆಯಿ?”

“ಮರತೀನೋ. ಇದೇನ್ ಸಾಲಿ ಪರೀಕ್ಷಾ ಏನು, ಖುರ್ಚಿ ಮ್ಯಾಲ ಕುಂತು ಒಪ್ಪಸಾಕ?”

ಅಜ್ಜಿಯ ಬಲಗೈ ಮಡಿಲಲ್ಲೇ ಸುತ್ತು ಹಾಕುತ್ತಿರುವುದನ್ನು ಮಲ್ಲೇಶ್ವರಿ ಕಂಡಳು. ಬೀಸುಕಲ್ಲಿನ ಮೇಲಿದ್ದ ನೀರಿನ ಕೊಡ ಇಳಿಸಿ, ಕಲ್ಲು ಒರೆಸಿ, ಮೊರದಲ್ಲಿ ತೊಗರಿ ತಂದಿಟ್ಟಳು. ಅಜ್ಜಿ ನೆಲಕ್ಕೆ ಕೂತು ಗೂಟ ಹಿಡಿದದ್ದೇ ತಡ, ಹದಿನೆಂಟು ನುಡಿ ಸರಸರ ಬಂದವು.

ಬುದ್ಧಪ್ರಿಯ ದೊಡ್ಡ ಮೈಕು ಹಿಡಿದ ಹಾಡನ್ನು ಸಾಫ್ಟ್‌ವೇರಿಗೆ ಹಾಕಿ ಗದ್ದಲ ತೆಗೆಯುವ ಗುಂಡಿ ಒತ್ತಿದ. “ಕೇಳ್ರಿ, ಹ್ಯಾಂಗ್ ಸಾಫ್ ಆಗ್ಯಾದ!”

ಕಲ್ಲಿನ ಸಪ್ಪಳ ಇರಲಿಲ್ಲ. ಅದರ ಜೊತೆಗೆ ಪ್ರತಿ ಸಾಲಿನ ಕೊನೆಯ ಉಸಿರೂ ಹೋಗಿತ್ತು.

“ಯಾರು ಇಕಿ?” ಅಂದಳು ಅಜ್ಜಿ. “ಕೆಲಸಾ ಬಿಟ್ಟು ಹಾಡಾಕತ್ತಾಳ, ಮೈಗಳ್ಳಿ!”

ಮಲ್ಲೇಶ್ವರಿಗೆ ನಗು ಬಂತು. ನಗುವಿನ ಹಿಂದೆಯೇ ಮಾತೂ ಬಂತು. “ಅಣ್ಣಾ, ದೊಡ್ಡದು ವಾಪಸ್ ಕೊಡು. ದೊಡ್ಡದು ನಿಂತಲ್ಲೇ ನಿಂತಿರ್ತದ, ಆಯಿ ತೂಗಿ ತೂಗಿ ಬೀಸ್ತಾಳ. ಸಣ್ಣದು ಸೆರಗಿಗೆ ಹಚ್ಚು, ಆಕಿ ಬಗ್ಗಿದ್ರ ಅದೂ ಬಗ್ತದ. ಆ ಗುಂಡಿ ಮಾತ್ರ ಮುಟ್ಟಬ್ಯಾಡ.”

“ಹತ್ತು ದಿನ ಯೂಟ್ಯೂಬ್ ನೋಡಿದಾಂವ ನಾನು, ಹೇಳಾಕಿ ನೀನು!” ಎನ್ನುತ್ತಲೇ ಅವನು ದೊಡ್ಡ ಮೈಕನ್ನು ಡಬ್ಬಿಗೆ ತುಂಬಿದ. “ಆತು. ಇನ್ನ ಪದ ಮುಗಿಯೋತನಕ ಯಾರೂ ಪಿಟ್ ಅನ್ನಬಾರದು.”

ಅಜ್ಜಿಯ ಸೆರಗಿನಲ್ಲಿ ಹುಣಸೆಬೀಜ ಕೂತಿತು. ಕಲ್ಲು ಗರಗರ ತಿರುಗಿತು. ಏಳನೆಯ ನುಡಿಗೆ ಬಾಗಿಲಲ್ಲಿ ಪಕ್ಕದ ಮನೆಯ ಹಣಮಮ್ಮ ಬಟ್ಟಲು ಹಿಡಿದು ನಿಂತಳು.

“ಹೆಪ್ಪಿಗೆ ಒಂದೀಟು ಮಜ್ಜಿಗಿ ಕೊಡ್ರೆವ್ವಾ.”

ಬುದ್ಧಪ್ರಿಯ ತುಟಿಗೆ ಬೆರಳಿಟ್ಟ. ಮಲ್ಲೇಶ್ವರಿ ನಗು ತಡೆಯಲು ತನ್ನ ಸೆರಗನ್ನೇ ಬಾಯಿಗೆ ತುರುಕಿಕೊಂಡಳು. ಅಜ್ಜಿ ಎಂಟನೆಯ ನುಡಿಗೆ ಹೊರಳಿದಳು.

“ಎವ್ವಾ, ಒಂದೀಟು ಮಜ್ಜಿಗಿ...” ಹಣಮಮ್ಮನ ದನಿಯೂ ಪದದ ಜೊತೆ ಮೈಕಿಗೆ ಹೋಯಿತು.