ಸ್ಟೋರ್ಸಿನ ಭಾವನ ಮೇಲ್‌ಗಳು

ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಕಿಂಡಿ ಮೂಡಿದಾಗ ಅವನು ಇನ್ನೂ ನಗುತ್ತಲೇ ಇದ್ದ. ಆಫೀಸಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಅವನನ್ನು ಎಲ್ಲರೂ ಸಿಸ್ಟಮ್ಮು ಎಂದೇ ಕರೆಯುತ್ತಿದ್ದರು. ತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೆಳಿಗ್ಗೆ ದೊಡ್ಡ ಸರ್ವರಿನ ಡಿಸ್ಕುಗಳು ಸುಟ್ಟು, ಅದರೊಳಗೆ ಬೇರೆಬೇರೆ ಕಂಪ್ಯೂಟರುಗಳಂತೆ ಓಡುತ್ತಿದ್ದ ವರ್ಚುವಲ್ ಮಷೀನುಗಳೆಲ್ಲ ಮಲಗಿಬಿಟ್ಟಿದ್ದವು. ಆಫೀಸಿನ ಮೇಲ್ ಸರ್ವರೂ ಅವುಗಳಲ್ಲೊಂದು. ಆದರೇನಂತೆ, ಪಕ್ಕದ ಕಟ್ಟಡದಲ್ಲಿ ಅಷ್ಟೆಲ್ಲದರ ನಕಲು, ಬ್ಯಾಕಪ್, ಇತ್ತು, ಪಾಸ್‌ವರ್ಡಿನ ಬೀಗ ಹಾಕಿಕೊಂಡು ಭದ್ರವಾಗಿ.

"ಭಾವನ ಮೇಲ್ ಬರುತ್ತಲ್ವೇನೋ?" ರಿಸೆಪ್ಷನ್ ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು.

"ಊಟದ ಹೊತ್ತಿಗೆ ಎಲ್ಲಾ ವಾಪಸ್ ಬರುತ್ತೆ, ಹೋಗಿ ಅಕ್ಕ. ನಾನಿದ್ದೀನಲ್ಲ?"

ಅಕ್ಕನ ಗಂಡ ಮೂರನೇ ಮಹಡಿಯ ಸ್ಟೋರ್ಸಿನಲ್ಲಿದ್ದ. ಫೋನ್ ಮಾಡಿದರೆ ನಾಲ್ಕು ಜನಕ್ಕೆ ಕೇಳಿಸುತ್ತದೆಂಬ ನಾಚಿಕೆ ಆ ಮನುಷ್ಯನಿಗೆ. ದಿನಾ ಊಟಕ್ಕೆ ಮೇಲಕ್ಕೆ ಕರೆಯಲು ಕೆಳಗಿನ ಹೆಂಡತಿಗೆ ಮೇಲ್ ಹಾಕುತ್ತಿದ್ದ. 'ಹಸಿವು. ಬಾ.' 'ಇವತ್ತೂ ಬದನೆಕಾಯಾ? ಆದರೂ ಬಾ.' ಹೋದ ವರ್ಷ ಕೆಲಸದ ನಡುವೆಯೇ ಕುಸಿದು ತೀರಿಕೊಂಡ. ಅಂದಿನಿಂದ ಅಕ್ಕ ಆ ಮೇಲ್‌ಗಳನ್ನು ಓದಿಕೊಂಡೇ ಊಟ ಮಾಡುತ್ತಿದ್ದಳು. ಪ್ರಿಂಟ್ ತೆಗೆದುಕೊಡೋ ಎಂದು ಕೇಳಿದಾಗ, "ಕಾಗದ ಹರಿದುಹೋಗುತ್ತೆ ಅಕ್ಕ, ನನ್ನ ಬ್ಯಾಕಪ್ ಬಂಡೆ ಇದ್ದ ಹಾಗೆ" ಎಂದವನೂ ಸಿಸ್ಟಮ್ಮೇ.

ಮಾರುದ್ದದ ಆ ಪಾಸ್‌ವರ್ಡ್ ಅವನಿಗೆ ನೆನಪಿರಲಿಲ್ಲ. ಯಂತ್ರವೇ ಹೆಣೆದುಕೊಟ್ಟದ್ದು, ಯಾರಿಗೂ ನೆನಪಿರುವಂಥದ್ದಲ್ಲ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಡಬೇಡಿ ಎಂದು ಆಫೀಸಿಗೆಲ್ಲ ಪಾಠ ಹೇಳಿದವನು, ತನ್ನದನ್ನು ಎಲ್ಲಿಟ್ಟಿದ್ದ? ಕೈ ತಾನಾಗಿ ತನ್ನ ಇನ್‌ಬಾಕ್ಸ್ ತೆರೆಯಲು ಹೋಯಿತು. ಸರ್ವರ್ ಸಿಗುತ್ತಿಲ್ಲ ಎಂದಿತು ಪರದೆ.

ಪಾಸ್‌ವರ್ಡನ್ನು ತನಗೆ ತಾನೇ ಮೇಲ್ ಮಾಡಿಕೊಂಡಿದ್ದ. ಬೀಗದಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಜಡಿದಿದ್ದ ಮಹಾಜಾಣ!

ಫೋನು, ಹಳೆಯ ಲ್ಯಾಪ್‌ಟಾಪು, ಎಲ್ಲ ಕಡೆ ತಡಕಾಡಿದ. ಸುಟ್ಟ ಡಿಸ್ಕುಗಳು ಮಿಸುಕಲಿಲ್ಲ. "ಪಾಸ್‌ವರ್ಡ್ ಇಲ್ದೆ ದೇವ್ರೇ ಬಂದ್ರೂ ತೆಗೆಯೋಕಾಗಲ್ಲ ಸಾರ್," ಎಂದ ಬ್ಯಾಕಪ್ ಕಂಪನಿಯ ಸಹಾಯವಾಣಿಯವನು, ಆಕಳಿಸುತ್ತ.

ಊಟದ ಹೊತ್ತಿಗೆ ಅಕ್ಕ ಡಬ್ಬಿ ಹಿಡಿದು ಬಂದಳು.

"ಅಕ್ಕ, ಬರಲ್ಲ. ಯಾವುದೂ ಬರಲ್ಲ. ತೆಗೆಯೋ ಪಾಸ್‌ವರ್ಡು ನನ್ನ ಇನ್‌ಬಾಕ್ಸಲ್ಲೇ ಇತ್ತು. ತಪ್ಪು ನಂದೇ."

ಅವಳು ಅವನ ಮುಖವನ್ನೇ ನೋಡಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಓದಿದ್ದೆಲ್ಲ ನಂಗೆ ಬಾಯಿಪಾಠ ಕಣೋ," ಎಂದಳು ಅಕ್ಕ. "ಅವರು ಹೋದ ದಿನ ಕಳಿಸಿದ್ದು ಒಂದಿತ್ತು. ನಾನು ನೋಡೋ ಹೊತ್ತಿಗೆ ಅವರೇ ಇರ್ಲಿಲ್ಲ. ತೆಗೆದ್ರೆ ಮುಗಿದೇ ಹೋಗುತ್ತೆ ಅಂತ ಓದದೆ ಹಾಗೇ ಇಟ್ಟಿದ್ದೆ."

ಪರದೆಯ ಮೇಲಿನ ಖಾಲಿ ಕಿಂಡಿ ಮಿಣುಕುತ್ತಲೇ ಇತ್ತು.

ಅಕ್ಕ ತನ್ನ ಮೇಜಿನ ಕಡೆ ಹೋಗಲಿಲ್ಲ. ಡಬ್ಬಿಯನ್ನು ಎದೆಗವಚಿಕೊಂಡು ಲಿಫ್ಟಿನೊಳಗೆ ಹೋದಳು. ಮೂರನೇ ಮಹಡಿಯ ಗುಂಡಿ ಒತ್ತಿ, ಬಾಗಿಲು ಮುಚ್ಚುವುದನ್ನೇ ಕಾಯುತ್ತ ನಿಂತಳು.