ಮುಚ್ಚಳ ಕೂರಿಸುವವರು

ಹೊಸ ಮ್ಯಾನೇಜರ್ ಬಂದು ಮೂರು ವಾರ ತುಂಬುವುದರೊಳಗೆ ಎರಕದ ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಕಾಣಿಸಿಕೊಂಡಿತು. ಬರುವ ತಿಂಗಳ ಒಂದನೇ ತಾರೀಖಿನಿಂದ ಮುಚ್ಚಳ ಕೂರಿಸುವ ವಿಭಾಗ ಇರುವುದಿಲ್ಲ. ಅಲ್ಲಿನ ಹನ್ನೆರಡು ಹೆಂಗಸರ ಸೇವೆ ಕಂಪನಿಗೆ ಇನ್ನು ಅಗತ್ಯವಿಲ್ಲ.

ಸೇವೆಯಂತೆ. ವರ್ಷಗಟ್ಟಲೆ ಕಬ್ಬಿಣದ ಪುಡಿಯನ್ನು ಉಸಿರಾಡಿದ್ದಕ್ಕೆ ಕಂಪನಿ ಇಟ್ಟ ಹೆಸರು ಅದು.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಒಂದೇ ಒಂದು ವಸ್ತು. ದಪ್ಪ ಕಬ್ಬಿಣದ, ಎರಡು ಕಿವಿಯ, ಭಾರಿ ಮುಚ್ಚಳದ ಅಡುಗೆ ಪಾತ್ರೆ. ಪೆಟ್ಟಿಗೆಯ ಮೇಲೆ ‘ಡಚ್ ಓವನ್’ ಎಂದು ಅಚ್ಚಾಗಿರುತ್ತಿತ್ತು. ಎತ್ತುವವರ ಸೊಂಟಕ್ಕೆ ಮಾತ್ರ ಅದು ‘ಆನೆಮರಿ’. ಕುಲುಮೆಯವರು ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು. ಆರಿದ ಪಾತ್ರೆ ಒಂದು ದಾರಿಯಲ್ಲಿ, ಮುಚ್ಚಳ ಇನ್ನೊಂದು ದಾರಿಯಲ್ಲಿ ಈ ಹೆಂಗಸರ ಬೆಂಚಿಗೆ ಬರುತ್ತಿದ್ದವು. ಪಾತ್ರೆಯ ಬಾಯಿಗೆ ನೀಲಿ ಬಣ್ಣ ಸವರಿ, ಮುಚ್ಚಳ ಇಟ್ಟು ಒಮ್ಮೆ ತಿರುಗಿಸಿ ತೆಗೆದರೆ ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲಿ ಬಣ್ಣ ಅಂಟಿರುತ್ತಿತ್ತು. ಅಷ್ಟನ್ನು ಮಾತ್ರ ಉಜ್ಜಬೇಕು. ಮತ್ತೆ ಬಣ್ಣ, ಮತ್ತೆ ಉಜ್ಜು. ಕೊನೆಗೆ ಸಿಗರೇಟಿನ ಕಾಗದದಷ್ಟು ತೆಳ್ಳನೆಯ ಚೂರೊಂದನ್ನು ನಡುವೆ ಸಿಕ್ಕಿಸಿ ಎಳೆಯುವುದು. ಹರಿಯಬೇಕೇ ಹೊರತು ಜಾರಿ ಬರಬಾರದು. ನಾಲ್ಕೂ ಕಡೆ ಹರಿದರೆ ಮುಚ್ಚಳ ಕೂತಿತು ಎಂದರ್ಥ.

ಆ ಹನ್ನೆರಡು ಜನರಲ್ಲಿ ಹಿರಿಯಳಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಎಲ್ಲರೂ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದರು. ನೋಟಿಸು ಓದಿದವಳೇ ಕೈಯನ್ನೂ ಒರೆಸಿಕೊಳ್ಳದೆ ಮ್ಯಾನೇಜರನ ಗಾಜಿನ ಬಾಗಿಲು ತಳ್ಳಿಕೊಂಡು ಹೋದಳು. ಬೆನ್ನಿಗೆ ಅದೇ ಬೆಂಚಿನ ಪಟಾಕಿ. ಬಾಯಿ ಬಿಟ್ಟರೆ ಸಿಡಿಯುವ ಅವಳಿಗೆ ಆ ಹೆಸರಿಟ್ಟವರು ಯಾರೋ, ಸರಿಯಾಗಿಯೇ ಇಟ್ಟಿದ್ದರು.

“ಕೂತ್ಕೊಳ್ಳಿ ಅಮ್ಮ,” ಎಂದ ಮ್ಯಾನೇಜರ್. ಮಾತು ಮೃದು, ಕೆಟ್ಟವನಂತೆ ಕಾಣುತ್ತಿರಲಿಲ್ಲ. ಇಂಥವರ ಹತ್ತಿರವೇ ಜಗಳ ಕಷ್ಟ. “ನೋಡಿ, ಮುಚ್ಚಳ ಅಂದ್ರೆ ಮುಚ್ಚಳ. ಅಚ್ಚಿನಿಂದಲೇ ಸುಮಾರು ಸರಿಯಾಗೇ ಬರುತ್ತೆ. ಒಂದು ಕೂದಲೆಳೆ ಹೆಚ್ಚುಕಮ್ಮಿ. ಅಡುಗೆಮನೇಲಿ ಯಾರಿಗೆ ಗೊತ್ತಾಗುತ್ತೆ ಹೇಳಿ?”

“ಗೊತ್ತಾಗುತ್ತೆ.”

“ನಿಮಗೆ ಗೊತ್ತಾಗಿದೆಯಾ? ನೀವು ಇದರಲ್ಲಿ ಯಾವತ್ತಾದ್ರೂ ಅಡುಗೆ ಮಾಡಿದೀರಾ?”

ಕೈಯಿಂದ ಹಾದುಹೋದ ಸಾವಿರಾರು ಪಾತ್ರೆಗಳಲ್ಲಿ ಒಂದೂ ಆ ಹೆಂಗಸರ ಒಲೆಯ ಮೇಲೆ ಕೂತಿರಲಿಲ್ಲ. ಮಾಡುವವರು ಕೊಳ್ಳುವ ವಸ್ತುವಲ್ಲ ಅದು. ಒಡಕು ಬಂದದ್ದನ್ನು ಕೂಡ ಮನೆಗೆ ಕೊಡುತ್ತಿರಲಿಲ್ಲ, ಸುತ್ತಿಗೆಯಿಂದ ಪುಡಿ ಮಾಡಿ ಮತ್ತೆ ಕುಲುಮೆಗೆ ಹಾಕುತ್ತಿದ್ದರು.

“ಎರಡು ಕೊಡಿ,” ಎಂದಳು ಚಿಕ್ಕಮ್ಮ. “ನಾವು ಕೂರಿಸಿದ್ದು ಒಂದು, ಕೂರಿಸದೇ ಇರೋದು ಒಂದು. ಭಾನುವಾರ ನಮ್ಮನೆಗೆ ಬನ್ನಿ. ನಿಮ್ಮ ಕಣ್ಣೆದುರೇ ಮಾಡ್ತೀವಿ.”

ಮ್ಯಾನೇಜರನಿಗೆ ಪುರಾವೆ ಎಂದರೆ ಇಷ್ಟ. ನಕ್ಕು, ಎರಡು ಪಾತ್ರೆಗೆ ಗೇಟ್ ಪಾಸ್ ಬರೆದ. “ವ್ಯತ್ಯಾಸ ನನ್ನ ಕಣ್ಣಿಗೆ ಕಂಡ್ರೆ ಆ ನೋಟಿಸ್ ನಾನೇ ಹರೀತೀನಿ. ಆಯ್ತಾ?”

ಚಿಕ್ಕಮ್ಮನದು ಎರಡನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಬ್ಬರು ನಿಂತರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕಾದ ಬಾಲ್ಕನಿ. ಮಗ ಬಸ್ ಡ್ರೈವರ್, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲೇ ಹೆಚ್ಚು. ಅಡುಗೆಯೆಲ್ಲ ಸೊಸೆಯದು. ಶುಕ್ರವಾರ ಸಂಜೆ ಅವಳು ಹೊಲಿಗೆಯ ಬಟ್ಟೆ ಕೊಟ್ಟು ವಾಪಸು ಬರುವಷ್ಟರಲ್ಲಿ ಅತ್ತೆ ಮತ್ತು ಪಟಾಕಿ ನೆಲದ ಮೇಲೆ ಕೂತು, ಪಾತ್ರೆಗಳನ್ನು ಕಾಲಿನ ನಡುವೆ ಒತ್ತಿಹಿಡಿದು ಉಜ್ಜುತ್ತಿದ್ದರು. ಒಳಗಿನ ಕಪ್ಪನ್ನೆಲ್ಲ ಪಾಲಿಶ್ ಪೇಪರಿನಿಂದ ಕೆರೆದು ಬೆಳ್ಳಿಯ ಹಾಗೆ ಹೊಳೆಸಿದ್ದರು. ಉಜ್ಜುವ ಕೈಗಳಿಗೆ ಕಪ್ಪು ಎಂದರೆ ಮುಗಿಯದ ಕೆಲಸ, ಹೊಳೆದರೆ ಮುಗಿದಂತೆ. ಆ ಬೆಂಚಿನಲ್ಲಿ ಕಲಿತ ಪಾಠ ಅದೊಂದೇ.

ಆ ಸಂಜೆ ಬೇಯಿಸಿದ ಕಾಳು ಮಸಿಯ ಬಣ್ಣಕ್ಕೆ ತಿರುಗಿತು. ಬಾಯಿಗಿಟ್ಟರೆ ಮೊಳೆ ನೆಕ್ಕಿದ ಹಾಗೆ. ಈರುಳ್ಳಿ ತಳಕ್ಕೆ ಕಚ್ಚಿಕೊಂಡು, ಕೆರೆದರೂ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಎರಡೂ ಪಾತ್ರೆಯ ಹೊಟ್ಟೆಯಲ್ಲಿ ಕೆಂಪು ತುಕ್ಕು.

ಚಿಕ್ಕಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. “ಇಂಥ ದರಿದ್ರ ಪಾತ್ರೆಗಾ ನಾನು ಇಷ್ಟು ವರ್ಷ ಬೆರಳು ಸವೆಸಿದ್ದು? ಆ ಮ್ಯಾನೇಜರ್ ಹುಡುಗ ಹೇಳಿದ್ದೇ ಸರಿ ಕಣೇ.”

“ಪಾತ್ರೆದೇನೂ ತಪ್ಪಿಲ್ಲ ಅತ್ತೆ,” ಎಂದಳು ಸೊಸೆ, ಸೆರಗು ಸಿಕ್ಕಿಸಿಕೊಳ್ಳುತ್ತ. “ನೀವಿಬ್ಬರು ಅದರ ಚರ್ಮ ಸುಲಿದಿದೀರ. ಆ ಕಪ್ಪು ಕೊಳೆ ಅಲ್ಲ, ಕಾರ್ಖಾನೇಲೇ ಎಣ್ಣೆ ಸವರಿ ಕಾಯಿಸಿ ಬಂದಿರೋ ಬಣ್ಣ. ನಮ್ಮ ಬಾಣಲೆ ನಾನು ಯಾವತ್ತಾದ್ರೂ ಹೊಳಿಯೋ ಹಾಗೆ ತಿಕ್ಕಿದ್ದು ನೋಡಿದೀರಾ?”

“ನೀನು ಸೋಮಾರಿ, ಅದಕ್ಕೇ ತಿಕ್ಕಲ್ಲ ಅಂತ ಅಂದ್ಕೊಂಡಿದ್ದೆ.”

“ಗೊತ್ತು. ಅಂದಿದೀರ ಕೂಡ.”

ಶನಿವಾರವಿಡೀ ಸೊಸೆಯ ಆಳ್ವಿಕೆ. ತುಕ್ಕು ತಿಕ್ಕಿ, ತೊಳೆದು, ಒರೆಸಿ, ಒಲೆಯ ಮೇಲಿಟ್ಟು, ಹಳೆಯ ಬನಿಯನ್ನಿನ ಚೂರಿನಿಂದ ಎಣ್ಣೆಯನ್ನು ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಸವರಿದಳು. ಹೊಗೆ ಎದ್ದು ಅಡಗುವವರೆಗೂ ಕಾಯಿಸಿ, ಆರಿಸಿ, ಮತ್ತೆ ಸವರಿದಳು. ಆರು ಸಲ. ಮನೆಯೆಲ್ಲ ಹೊಗೆ. ಪಕ್ಕದ ಮನೆಯವರು ಬಾಗಿಲು ತಟ್ಟಿ, “ಏನ್ರೀ, ಬೆಂಕಿಗಿಂಕಿ ಬಿತ್ತಾ?” ಎಂದು ಕೇಳಿದರು. “ಇಲ್ಲ, ನಮ್ಮತ್ತೆ ಕೆಲಸ ಉಳಿಸ್ಕೋತಿದಾರೆ,” ಎಂದಳು ಸೊಸೆ. ಸಂಜೆಯ ಹೊತ್ತಿಗೆ ಎರಡೂ ಪಾತ್ರೆ ಮಿರಿಮಿರಿ ಕಪ್ಪಾಗಿದ್ದವು.

ಭಾನುವಾರ ಬೆಳಿಗ್ಗೆ ಹೇಳಿದ ಹೊತ್ತಿಗೇ ಮ್ಯಾನೇಜರ್ ಬಂದ. ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ಒಂದು ಕ್ಷಣ ಬಾಗಿಲಲ್ಲೇ ನಿಂತ. ಕೋಣೆಯ ಗೋಡೆಗಂಟಿ ಹತ್ತು ಹೆಂಗಸರು ಕೂತಿದ್ದರು. ಇದ್ದ ಒಂದೇ ಕುರ್ಚಿಯನ್ನು ಆತನಿಗೆ ಕೊಟ್ಟರು.

ಸೊಸೆ ಎರಡೂ ಪಾತ್ರೆಯಲ್ಲಿ ಅಳತೆ ಮಾಡಿ ಒಂದೇ ಸಮ ಎಣ್ಣೆ, ಈರುಳ್ಳಿ ಹಾಕಿದಳು. ಈರುಳ್ಳಿ ಕೆಂಪಗಾದ ಮೇಲೆ ಮಾಂಸದ ತುಂಡುಗಳನ್ನು ಸೇರಿಸಿ ಬಾಡಿಸಿ, ನೆನೆಸಿದ ಕಾಳು, ಒಂದೊಂದು ಲೋಟ ನೀರು ಹಾಕಿದಳು. ಮುಚ್ಚಳ ಮುಚ್ಚಿ ಉರಿಯನ್ನು ಬೆರಳ ತುದಿಯಷ್ಟಕ್ಕೆ ಇಳಿಸಿದಳು. “ಇನ್ನು ಮೂರು ಗಂಟೆ ಯಾರೂ ಮುಟ್ಟೋ ಹಾಗಿಲ್ಲ.”

ಕಾಯುವುದೆಂದರೆ ಏನೆಂದು ಆ ಹೆಂಗಸರಿಗೆ ಗೊತ್ತು. ಆದರೆ ಹೀಗೆ ಕಾದಿರಲಿಲ್ಲ. ಒಂದು ಪಾತ್ರೆ ಮೊದಲ ಅರ್ಧ ಗಂಟೆಯಿಂದಲೇ ಒಂದು ಮಗ್ಗುಲಲ್ಲಿ ಪುಸುಪುಸು ಆವಿ ಬಿಡುತ್ತ, ಮುಚ್ಚಳ ಕುಣಿಸುತ್ತ ಗಲಾಟೆ ಮಾಡುತ್ತಿತ್ತು. ಇನ್ನೊಂದು ಮಾತೇ ಆಡಲಿಲ್ಲ. ಹತ್ತಿರ ಹೋಗಿ ಕಿವಿಗೊಟ್ಟರೆ ಒಳಗೆಲ್ಲೋ ದೂರದಲ್ಲಿ ಯಾರೋ ಗುನುಗುವಂಥ ಸದ್ದು, ಅಷ್ಟೇ.

“ಒಲೆ ಆರಿದೆಯೇನೋ,” ಎಂದ ಮ್ಯಾನೇಜರ್.

“ಮುಟ್ಟಿ ನೋಡಿ ಸರ್,” ಎಂದಳು ಪಟಾಕಿ. “ಬರೀ ಒಂದು ಬೆರಳು ಸಾಕು. ಉಳಿದವು ಸಹಿ ಹಾಕೋಕೆ ಬೇಕಾಗುತ್ತೆ.”

ಮೂರು ಗಂಟೆಯಾಯಿತು. ಸೊಸೆ ಮೊದಲು ಗಲಾಟೆಯ ಪಾತ್ರೆ ತೆರೆದಳು. ಸೀದ ವಾಸನೆ ಕೋಣೆಗೆಲ್ಲ ಹರಡಿತು. ಕಾಳು ತಳಕ್ಕೆ ಹತ್ತಿತ್ತು, ಮಾಂಸ ಒಣಗಿ ಚಕ್ಕೆಯಾಗಿತ್ತು, ನೀರಿನ ಪಸೆಯೂ ಇರಲಿಲ್ಲ.

ಆಮೇಲೆ ಇನ್ನೊಂದು. ಮುಚ್ಚಳವನ್ನು ನೇರವಾಗಿ ಎತ್ತಿ ಹಾಗೆಯೇ ಹಿಡಿದಳು. ಒಂದು ಲೋಟ ಹಾಕಿದ್ದರೂ ಎರಡು ಲೋಟದಷ್ಟು ರಸ. ಮಾಂಸವೂ ಈರುಳ್ಳಿಯೂ ತಮ್ಮಲ್ಲಿದ್ದ ನೀರನ್ನೆಲ್ಲ ಬಿಟ್ಟುಕೊಟ್ಟಿದ್ದವು, ಒಂದು ಹನಿಯೂ ಹೊರಗೆ ಹೋಗಿರಲಿಲ್ಲ. ಮುಚ್ಚಳದ ಒಳಮೈಯಲ್ಲಿ ಸಾಲುಸಾಲು ಗುಬುಟುಗಳು. ಬೆಂಚಿನಲ್ಲಿ ಅವಕ್ಕೆ ಹೆಂಗಸರು ‘ಮೊಡವೆ’ ಎನ್ನುತ್ತಿದ್ದರು. ಗೆಣ್ಣು ತರಚುತ್ತವೆ ಎಂದು ದಿನಾ ಶಪಿಸುತ್ತಿದ್ದರು. ಯಾತಕ್ಕೆ ಇವೆ ಎಂದು ಒಬ್ಬರೂ ಹೇಳಿರಲಿಲ್ಲ, ಕೇಳಿದರೆ ನಿಮ್ಮ ಕೆಲಸ ನೋಡಿ ಎನ್ನುತ್ತಿದ್ದರು. ಈಗ ಪ್ರತಿಯೊಂದು ಗುಬುಟಿನ ತುದಿಯಲ್ಲೂ ಒಂದು ಹನಿ ತೂಗುತ್ತಿತ್ತು. ಎಲ್ಲರೂ ನೋಡುತ್ತಿದ್ದ ಹಾಗೆಯೇ ಒಂದು ಬಿತ್ತು. ಪಕ್ಕದ್ದು ಬಿತ್ತು. ಮೇಲೆ ಹೋದ ಆವಿ ನೀರಾಗಿ, ಪಾತ್ರೆಯ ಅಗಲಕ್ಕೂ ಒಂದೇ ಸಮನಾಗಿ ಸುರಿದು, ಮತ್ತೆ ಆವಿಯಾಗಿ ಹೋಗಿ, ಮೂರು ಗಂಟೆ ಹೊತ್ತು ಆ ಕತ್ತಲೆಯೊಳಗೆ ಮಳೆಯಾಗುತ್ತಲೇ ಇತ್ತು.

ಅಂಥದ್ದು ಯಾರೂ ಕಂಡಿರಲಿಲ್ಲ.

“ಇದು ನಾವು ಮಾಡಿದ್ದಾ?” ಎಂದಳು ಚಿಕ್ಕಮ್ಮ ಮೆಲ್ಲಗೆ.

ಸೊಸೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ರಸವನ್ನು ಬೇರೆ ಪಾತ್ರೆಗೆ ಸುರಿದು, ಎರಡನ್ನೂ ಬಿಸಿನೀರಲ್ಲಿ ತೊಳೆದು, ಬೆಳಿಗ್ಗೆಯೇ ಕಲಸಿಟ್ಟು ಉಬ್ಬಿಸಿದ್ದ ಹಿಟ್ಟಿನ ಒಂದೊಂದು ಉಂಡೆ ಇಟ್ಟಳು. ಬಾಲ್ಕನಿಯಲ್ಲಿ ಇದ್ದಿಲ ಕೆಂಡ ತಯಾರಿತ್ತು. ಕೆಳಗೆ ಒಂದು ಹಿಡಿ, ಅಂಚುಕಟ್ಟಿದ ಮುಚ್ಚಳದ ಮೇಲೆ ಎರಡು ಹಿಡಿ. ಮುಕ್ಕಾಲು ಗಂಟೆಯ ನಂತರ ತೆರೆದರೆ ಒಂದರಲ್ಲಿ ಬೂದಿ ಬಿದ್ದು ಮಚ್ಚೆಮಚ್ಚೆಯಾದ ಗಟ್ಟಿ ಮುದ್ದೆ. ಇನ್ನೊಂದರಲ್ಲಿ ಬ್ರೆಡ್. ದುಂಡಗೆ, ಎದೆಯುಬ್ಬಿಸಿಕೊಂಡು, ಮೇಲೆ ಕಂದು ಬಣ್ಣದ ತೆಳ್ಳನೆಯ ಚಿಪ್ಪು. ಹೊರಗಿನ ಗಾಳಿ ತಗುಲಿದ್ದೇ ಆ ಚಿಪ್ಪು ಸಣ್ಣಗೆ ಬಿರಿಯುತ್ತ ಚಟಚಟ ಅನ್ನತೊಡಗಿತು. ಹನ್ನೆರಡು ಹೆಂಗಸರು ಬಾಲ್ಕನಿಯ ಬಾಗಿಲಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಬಾಗಿ ಆ ಸದ್ದು ಕೇಳಿದರು.

“ಹುರಿಯೋಕೂ ಇದೇ, ಬೇಯಿಸೋಕೂ ಇದೇ, ಸುಡೋಕೂ ಇದೇ,” ಎಂದಳು ಸೊಸೆ. ಅವಳ ಕಣ್ಣಲ್ಲಿ ನೀರಿತ್ತು, ಹೊಗೆಗೆ ಎಂದು ಒರೆಸಿಕೊಂಡಳು. “ಒಲೆ ಆರಿಸಿದ ಮೇಲೂ ಅರ್ಧ ಗಂಟೆ ಕುದೀತಿರುತ್ತೆ. ಒಂದು ಪಾತ್ರೇಲಿ ಇಡೀ ಅಡುಗೆಮನೆ ಇದೆಯಲ್ಲ ಅತ್ತೆ!”

ಮ್ಯಾನೇಜರ್ ರಸದಲ್ಲಿ ಅದ್ದಿ ಅದ್ದಿ ಮೂರು ತುಂಡು ಬ್ರೆಡ್ ತಿಂದ. ನಾಲ್ಕನೆಯದಕ್ಕೆ ಕೈಚಾಚಿ, ನಾಚಿ ಹಿಂದೆಗೆದುಕೊಂಡ. ಆತನ ಮುಖದಲ್ಲೂ ಬೆರಗಿತ್ತು, ಸುಳ್ಳು ಹೇಳಬಾರದು.

“ಕಂಡಿತಾ ಸಾಹೇಬ್ರೆ?” ಎಂದಳು ಚಿಕ್ಕಮ್ಮ.

“ಕಂಡಿತು ಅಮ್ಮ. ನೀವೇ ಗೆದ್ದಿರಿ.” ಕೈ ಒರೆಸಿಕೊಂಡ. “ಆದ್ರೆ ಒಂದು ಮಾತು. ಕೊಳ್ಳೋರ ಮನೇಲಿ ಎರಡು ಪಾತ್ರೆ ಅಕ್ಕಪಕ್ಕ ಇರಲ್ಲ. ಒಂದೇ ಇರುತ್ತೆ. ಮನೇಲಿ ಅಡುಗೆ ಸೀದುಹೋದ್ರೆ ಯಾರೂ ಪಾತ್ರೇನ ಬೈಯಲ್ಲ, ಮಾಡಿದೋಳನ್ನ ಬೈತಾರೆ. ದೂರು ನಮ್ಮ ಹತ್ತಿರ ಬರೋದೇ ಇಲ್ಲ. ಕಂಪನಿ ಲೆಕ್ಕ ಹಾಕೋದು ಹಾಗೆ. ನನ್ನ ಕೈಲಿ ಏನಿದೆ?”

ಎಷ್ಟು ಮೃದುವಾಗಿ ಹೇಳಿದ! ಕಾಣದ ಸಾವಿರ ಅಡುಗೆಮನೆಗಳಲ್ಲಿ ಕಾಣದ ಸಾವಿರ ಹೆಂಗಸರು ಬೈಸಿಕೊಳ್ಳಬೇಕೆಂದು ಯಾರೋ ಮೇಜಿನ ಮುಂದೆ ಕೂತು ಮೊದಲೇ ತೀರ್ಮಾನಿಸಿ ಆಗಿತ್ತು.

ಸೊಸೆ ಮುಚ್ಚಳ ಕೂರದ ಪಾತ್ರೆಯನ್ನು ಎತ್ತಿ ತಂದು ಆತನ ಕಾಲ ಬಳಿ ಕುಕ್ಕಿದಳು.

“ನಾಲ್ಕು ವರ್ಷದಿಂದ ಈ ಮನೇಲಿ ಸೀದಿದ್ದಕ್ಕೆಲ್ಲ ನಾನೇ ಬೈಸಿಕೊಂಡಿದೀನಿ ಸರ್. ಯಾವುದು ನನ್ನ ತಪ್ಪು, ಯಾವುದು ಪಾತ್ರೆದು ಅಂತ ಯಾರೂ ನೋಡಲಿಲ್ಲ. ಇದನ್ನ ತಗೊಂಡು ಹೋಗಿ. ಒಂದು ವಾರ ನಿಮ್ಮ ಕೈಯಾರೆ ಮಾಡಿ. ನಿಮ್ಮನೇಲಿ ನಿಮ್ಮನ್ನ ಯಾರು ಬೈತಾರೆ ನೋಡೋಣ.”

ಬೈದವಳು ಪಕ್ಕದಲ್ಲೇ ನಿಂತಿದ್ದಳು. ಚಿಕ್ಕಮ್ಮ ತಲೆ ತಗ್ಗಿಸಿದಳು. ಮ್ಯಾನೇಜರ್ ಎದ್ದು ಮೆಟ್ಟಿಲಿಳಿದು ಹೋದ. ಪಾತ್ರೆಯನ್ನು ಒಯ್ಯಲಿಲ್ಲ.

ಕೋಣೆಯಲ್ಲಿ ಯಾರೋ ಅಳತೊಡಗಿದರು. “ಸಾಕು ಸುಮ್ನಿರು,” ಎಂದಳು ಚಿಕ್ಕಮ್ಮ. ಆಮೇಲೆ ಸೊಸೆಯ ಕಡೆ ತಿರುಗಿ, “ಹಿಟ್ಟು ಇನ್ನೂ ಇದೆಯೇನೇ ಮಗಾ?” ಎಂದು ಕೇಳಿದಳು. ಅವಳನ್ನು ಮಗಾ ಎಂದದ್ದು ಅದೇ ಮೊದಲು.

ಸೋಮವಾರ ಮಧ್ಯಾಹ್ನದ ಊಟದ ಗಂಟೆಗೆ ಚಿಕ್ಕಮ್ಮ ಮತ್ತು ಪಟಾಕಿ ಆನೆಮರಿಯ ಒಂದೊಂದು ಕಿವಿ ಹಿಡಿದು, ಎಂದೂ ಕಾಲಿಡದ ಕುಲುಮೆಯ ಅಂಗಳಕ್ಕೆ ಹೋದರು. ಹಿಂದೆ ಹತ್ತು ಜನ, ಬಟ್ಟೆಯಲ್ಲಿ ಸುತ್ತಿದ ಆರು ಬ್ರೆಡ್ ಹೊತ್ತುಕೊಂಡು. ಬೆಳಿಗ್ಗೆ ಒಲೆಯಿಂದ ಇಳಿಸಿದ್ದ ಪಾತ್ರೆ ಈಗಲೂ ಬೆಚ್ಚಗಿತ್ತು. ಹುಬ್ಬು ಸುಟ್ಟ ಗಂಡಸರು ಏನು ಎತ್ತ ಎಂದು ತಿಳಿಯದೆ ಎದ್ದು ನಿಂತರು. ಚಿಕ್ಕಮ್ಮ ಹಿರಿಯ ಕುಲುಮೆಯವನ ಕೈಗೆ ರಸದಲ್ಲಿ ಅದ್ದಿದ ತುಂಡು ಕೊಟ್ಟಳು.

ಆತ ಅಗಿದ. ಅಗಿಯುವುದನ್ನು ನಿಲ್ಲಿಸಿದ. ಮತ್ತೆ ಅಗಿದ.

“ಯಾರಮ್ಮ ಮಾಡಿದ್ದು ಇದನ್ನ?”

“ನೀನೇ ಅಣ್ಣ.”

“ನಾನಾ?”

“ನೀನು ಹೊಯ್ದಿದ್ದು, ನಾವು ಕೂರಿಸಿದ್ದು, ನನ್ನ ಸೊಸೆ ಬೇಯಿಸಿದ್ದು.” ಅವಳು ಮುಚ್ಚಳ ತಿರುಗಿಸಿ ಹನಿಗಳನ್ನು ತೋರಿಸಿದಳು. ಭಾನುವಾರ ಕಂಡದ್ದನ್ನೂ ಕೇಳಿದ್ದನ್ನೂ, ಸೀದರೆ ಪಾತ್ರೆಯನ್ನಲ್ಲ, ಮಾಡಿದವಳನ್ನೇ ಬೈತಾರೆ ಎಂದ ಮ್ಯಾನೇಜರನ ಮಾತನ್ನೂ, ಒಂದಕ್ಷರ ಕೂಡಿಸದೆ ಕಳೆಯದೆ ಹೇಳಿದಳು.

ಮೂವತ್ತು ವರ್ಷ ಉರಿಯ ಬಾಯಲ್ಲಿ ನಿಂತ ಮನುಷ್ಯ ಆ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ಹಸುಗೂಸಿನ ಮುಖ ನೋಡುವ ಹಾಗೆ ನೋಡುತ್ತ ನಿಂತುಬಿಟ್ಟ. ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಕೆಲಸದ ಗಂಟೆ ಬಾರಿಸಿದಾಗ ಒಬ್ಬರೂ ಕುಲುಮೆಯ ಕಡೆ ತಿರುಗಲಿಲ್ಲ.

ಗಾಜಿನ ಬಾಗಿಲ ಮುಂದೆ ಕುಲುಮೆಯವರೂ ಹೆಂಗಸರೂ ಸೇರಿ ಎಪ್ಪತ್ತು ಜನ ನಿಂತಾಗ ಮ್ಯಾನೇಜರ್ ಹೊರಗೆ ಬಂದ. “ಹೆಡ್ ಆಫೀಸಿಗೆ ಬರೀತೀನಿ,” ಎಂದ.

“ಇಲ್ಲೇ ಬರೀರಿ. ಕಾಯ್ತೀವಿ,” ಎಂದಳು ಚಿಕ್ಕಮ್ಮ.

ಕುಲುಮೆಯಲ್ಲಿ ಕರಗಿದ ಕಬ್ಬಿಣ ಹೊಯ್ಯುವವರಿಲ್ಲದೆ ಕುದಿಯುತ್ತಿತ್ತು. ಅದು ಆರಿ ಗಟ್ಟಿಯಾದರೆ ಕುಲುಮೆಯೇ ಹಾಳು ಎಂಬುದು ಆತನಿಗೂ ಗೊತ್ತಿತ್ತು. ಆತ ಬೋರ್ಡಿನಿಂದ ನೋಟಿಸನ್ನು ಕಿತ್ತು, ಬಾಗಿಲ ಪಕ್ಕದ ಮೇಜಿನ ಮೇಲಿಟ್ಟು, ಅದರ ಬೆನ್ನ ಮೇಲೆಯೇ ಬರೆದು ಓದಿದ: “ಸದ್ಯಕ್ಕೆ ಮುಚ್ಚಳ ಕೂರಿಸುವ ವಿಭಾಗವನ್ನು ಮುಂದುವರಿಸಲಾಗುವುದು. ಕೂರಿಸದ ಮುಚ್ಚಳ ಗೇಟು ದಾಟುವಂತಿಲ್ಲ.”

“ಆ ‘ಸದ್ಯಕ್ಕೆ’ ಹೊಡೆದುಹಾಕಿ ಸರ್,” ಎಂದಳು ಪಟಾಕಿ.

ಆತ ಪೆನ್ನಿನ ಮುಚ್ಚಳ ಹಾಕಿದ. ಎಪ್ಪತ್ತು ಜನರಲ್ಲಿ ಒಬ್ಬರೂ ಕದಲಲಿಲ್ಲ. ಹಿರಿಯ ಕುಲುಮೆಯವನು ಮುಂದೆ ಬಂದು, ಬಟ್ಟೆಯಲ್ಲಿ ಉಳಿದಿದ್ದ ಕೊನೆಯ ಬ್ರೆಡ್ ತುಂಡನ್ನು ಮೇಜಿನ ಮೇಲೆ, ಆ ಕಾಗದದ ಪಕ್ಕದಲ್ಲಿ ಇಟ್ಟ.

ಮ್ಯಾನೇಜರ್ ಅದನ್ನು ನೋಡಿದ. ಪೆನ್ನು ತೆರೆದ. ಆ ಪದದ ಮೇಲೆ ಒಂದು ಗೆರೆ ಎಳೆದ.