ಮಗುವಿನ ಮೈಯ ಉಪ್ಪು

ನನಗೆ ಮೂಗಿನ ತುದಿಯಲ್ಲೇ ಕೋಪ. ಮೈಸೂರು ಬಿಟ್ಟು ಇಂಗ್ಲೆಂಡಿನ ಶೆಫೀಲ್ಡಿಗೆ, ಮಗನ ಮನೆಗೆ ಬಂದ ಮೇಲೂ ಅದು ಕಡಿಮೆಯಾಗಲಿಲ್ಲ.

ಮೊಮ್ಮಗಳು ಆಶ್ರಿತಾಳಿಗೆ ಮೂರು ವರ್ಷ. ಹೊಟ್ಟೆ ತುಂಬ ಉಂಡರೂ ಮೈಗೆ ಹತ್ತುತ್ತಿರಲಿಲ್ಲ, ಕೆಮ್ಮು ಬಿಡುತ್ತಿರಲಿಲ್ಲ. ಯಾರದೋ ಕಣ್ಣು ತಾಗಿದೆಯೆಂದು ದಿನಾ ಸಂಜೆ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದು, ಅದೇ ಕೈಯಲ್ಲಿ ಅವಳ ಕೆನ್ನೆ ಸವರಿ ಲಟಿಕೆ ಮುರಿಯುತ್ತಿದ್ದೆ. ಮುತ್ತುಗಿತ್ತು ನನಗೆ ಬಾರದು. ನನ್ನ ಮುದ್ದೆಂದರೆ ಅಷ್ಟೇ.

ಒಂದು ದಿನ ಮೆಣಸಿನಕಾಯಿಯ ಹೊಗೆಗೆ ಅಡುಗೆಮನೆಯ ಅಲಾರಂ ಕಿರುಚಿಕೊಂಡಿತು. ಪಕ್ಕದ ಮನೆಯವರು ಓಡಿಬಂದರು. ಮಗ ದಿನೇಶ ಮೂಳೆ ಡಾಕ್ಟರ್, ಅಂದು ರಜೆಯಲ್ಲಿ ಮನೆಯಲ್ಲಿದ್ದ. "ಅಮ್ಮ, ಇದೆಲ್ಲ ಇಲ್ಲಿ ಬೇಡ," ಎಂದು ಅವರೆದುರಿಗೇ ರೇಗಿದ. ಅಂದೇ ದೃಷ್ಟಿ ತೆಗೆಯುವುದನ್ನು ಬಿಟ್ಟೆ. ಯಾರಿಗೂ ಹೇಳಲಿಲ್ಲ, ಅವರಾಗಿ ಕೇಳಲಿ ಎಂದು ಕಾದೆ. ಸಂಜೆ ಸಾಮಾನ್ಯವಾಗಿ ಮಗ ಸೊಸೆ ಇಬ್ಬರೂ ಕೆಲಸದಲ್ಲಿರುತ್ತಿದ್ದರು. ಎರಡು ತಿಂಗಳಾದರೂ ನನ್ನ ಮುನಿಸು ಯಾರ ಗಮನಕ್ಕೂ ಬರಲಿಲ್ಲ.

ಕೆಮ್ಮು ಜೋರಾದಾಗ ನಮ್ಮ ಬಡಾವಣೆಯ ಡಾಕ್ಟರು ಮಗುವನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟರಮ್ಮ ಸೊಸೆ ಉಷಾಳನ್ನು ಏನೋ ಕೇಳಿದಳು. ಉಷಾ ನನ್ನತ್ತ ನೋಡಿ ತಡವರಿಸಿದಳು.

"ಏನಂತೆ?" ಎಂದೆ.

"ಮುತ್ತು ಕೊಟ್ರೆ ಮಗು ಮೈ ಉಪ್ಪುಪ್ಪಾಗಿರುತ್ತಾ ಅಂತ ಕೇಳ್ತಿದಾರೆ ಅತ್ತೆ. ಅದು ನೀವು ದೃಷ್ಟಿ ತೆಗೆಯೋ ಉಪ್ಪು ಅಲ್ವಾ? ನಿಮಗೆ ಬೇಜಾರಾಗುತ್ತೆ ಅಂತ ಒಂದ್ಸಲಾನೂ ಹೇಳಿರ್ಲಿಲ್ಲ."

ಬಾಯಿ ಬಿಟ್ಟರೆ ಬಣ್ಣಗೇಡು. ಆದರೂ ಹೇಳಿದೆ: "ನಾನು ದೃಷ್ಟಿ ತೆಗೆಯೋದು ಬಿಟ್ಟು ಎರಡು ತಿಂಗಳಾಯ್ತು ಕಣಮ್ಮ."

ಜೊತೆಗೆ ಬಂದಿದ್ದ ದಿನೇಶ ತಟ್ಟನೆ ಡಾಕ್ಟರಮ್ಮನತ್ತ ತಿರುಗಿ, ಹಾಗಾದರೆ ಆ ಉಪ್ಪು ಮಗುವಿನ ಬೆವರಿನದೇ ಎಂದ. ಅಂದೇ ಮಗುವಿನ ಬೆವರು ಪರೀಕ್ಷೆ ಮಾಡಿದರು, ಆಮೇಲೆ ರಕ್ತ ತೆಗೆದರು. ಇಲ್ಲಿ ಹುಟ್ಟುವ ಮಕ್ಕಳಿಗೆ ಐದನೇ ದಿನವೇ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಈ ಕಾಯಿಲೆ ಇದೆಯೇ ಎಂದು ನೋಡುತ್ತಾರಂತೆ. ನಮ್ಮದು ಮೈಸೂರಲ್ಲಿ ಹುಟ್ಟಿದ ಕೂಸು.

ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ದಿನೇಶ ನನಗೆ ಬಿಡಿಸಿ ಹೇಳಿದ. ಜೀವಕೋಶದೊಳಗೆ ಒಂದು ಪ್ರೋಟೀನ್ ತಯಾರಾಗಿ, ಹೊರಪದರಕ್ಕೆ ಹೋಗಿ, ಉಪ್ಪು ಓಡಾಡುವ ಬಾಗಿಲಾಗಿ ನಿಲ್ಲಬೇಕು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಜೀನ್ ಬಂದರೆ ಆ ಬಾಗಿಲಿಲ್ಲ; ಬೆವರಲ್ಲಿ ಉಪ್ಪು ಉಳಿಯುತ್ತದೆ, ಎದೆಯಲ್ಲಿ ಕಫ ಗಟ್ಟಿಯಾಗುತ್ತದೆ, ಉಂಡದ್ದು ಅರಗುವುದಿಲ್ಲ. ಕೆಲವರಲ್ಲಿ ಪ್ರೋಟೀನ್ ತಯಾರೇ ಆಗುವುದಿಲ್ಲ. ಅವರಿಗೆ ಈ ಕಾಯಿಲೆಗೆಂದು ಬಂದಿರುವ ಹೊಸ ಮಾತ್ರೆ ನಾಟದು. ಇನ್ನು ಕೆಲವರಲ್ಲಿ ತಯಾರಾಗುತ್ತದೆ, ಆದರೆ ಸೊಟ್ಟಗೆ ಮಡಿಚಿಕೊಳ್ಳುತ್ತದೆ. ಸೊಟ್ಟಗಿರುವುದನ್ನು ಕೋಶವೇ ದಾರಿಯಲ್ಲಿ ತಡೆದು ಒಡೆದುಹಾಕುತ್ತದೆ. ಅದನ್ನು ನೆಟ್ಟಗೆ ಮಾಡಿ ಮುಂದೆ ಕಳಿಸುವುದೇ ಆ ಮಾತ್ರೆಯ ಕೆಲಸ.

ನಮ್ಮ ಮಗುವಿನದು ಯಾವುದೆಂದು ತಿಳಿಯಲು ಮೂರು ವಾರ. ಆ ಮೂರು ವಾರ ನಾನು ಯಾರ ಮೇಲೂ ರೇಗಲಿಲ್ಲ. ಅಷ್ಟು ಹೆದರಿದ್ದೆ.

ಫೋನ್ ಬಂದಾಗ ಉಷಾ ಚಪಾತಿ ಲಟ್ಟಿಸುತ್ತಿದ್ದಳು. ಮಾತು ಮುಗಿಸಿ, "ತಯಾರಾಗುತ್ತಂತೆ ಅತ್ತೆ, ತಲುಪ್ತಿಲ್ಲ ಅಷ್ಟೇ. ಮಾತ್ರೆ ಕೊಡ್ತಾರೆ," ಎಂದು ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ.

"ನಿಮ್ಮ ಉಪ್ಪು ಸಾಕು ಅಂತ ಒಂದ್ಸಲ ಬೈದಿದ್ರೆ ಎರಡು ತಿಂಗಳ ಹಿಂದೇನೇ ಗೊತ್ತಾಗ್ತಿತ್ತಲ್ಲೇ," ಎಂದೆ.

"ಬೈದ್ರೆ ಮುನಿಸ್ಕೊಳ್ತೀರಲ್ಲ ಅತ್ತೆ?"

"ಮುನಿಸ್ಕೊಳ್ತೀನಿ. ಆದ್ರೂ ಬೈಯಿ."